ಚರೆ ಹಿಡಿದ ದಾರಿ

ಮೊನ್ನೆ ಸೊಸೆ ಚಿತ್ರಾನ್ನಕ್ಕೆಂದು ಲಿಂಬೆಹಣ್ಣು ಹಿಂಡಿ, ಸಿಪ್ಪೆಗಳನ್ನು ಸಿಂಕಿನ ಪಕ್ಕದ ತಟ್ಟೆಯಲ್ಲಿ ಹಾಕಿದ್ದಳು. ಕೈ ತೊಳೆಯಲು ಹೋದ ನನಗೆ ಆ ವಾಸನೆ ಮೂಗಿಗೆ ಬಡಿಯಿತು. ಹಿಂಡಿದ ಸಿಪ್ಪೆಗೆ ರಸದ ಹುಳಿಗಿಂತ ಬೇರೆಯದೇ ಆದ, ಸ್ವಲ್ಪ ಕಹಿಯಾದ ವಾಸನೆಯಿರುತ್ತದೆ. ಮದ್ರಾಸಿನ ತ್ರಿಪ್ಲಿಕೇನಿನ ಲಾಡ್ಜಿನಲ್ಲಿ ನನ್ನ ಜೊತೆ ಆರು ವರ್ಷ ಒಂದೇ ಕೋಣೆಯಲ್ಲಿದ್ದ ಡಾಕ್ಟರನ ಕೈಗಳ ವಾಸನೆ ಅದು.

ನಾವಿಬ್ಬರೂ ಒಂದೇ ಊರಿನವರು, ಒಂದೇ ಬೆಂಚಿನವರು. ದಕ್ಷಿಣ ಕನ್ನಡ ಜಿಲ್ಲೆ ಆಗಿನ್ನೂ ಮದ್ರಾಸಿಗೇ ಸೇರಿತ್ತು. ಓದಲು ಬರುವುದೆಂದರೆ ಮದ್ರಾಸಿಗೆ ಬರುವುದು. ಮೆಡಿಕಲ್ ಸೀಟಿಗೆ ಇಬ್ಬರೂ ಅರ್ಜಿ ಹಾಕಿದೆವು. ಸಿಕ್ಕಿದ್ದು ಅವನಿಗೆ. ನಾನು ಚರಿತ್ರೆ ತೆಗೆದುಕೊಂಡು ಬಿ.ಎ. ಮಾಡಿ, ಮೌಂಟ್ ರೋಡಿನ ಹಿಂದಿನ ಬೀದಿಯಲ್ಲಿ ಕೋವಿ ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಗುಮಾಸ್ತನಾದೆ. ಅವನು ಪಾಸಾಗಿ, ಹೆಣ ಕೊಯ್ದು ಪರೀಕ್ಷಿಸುವ ವಿಭಾಗಕ್ಕೆ ಸೇರಿದ. ಜೊತೆಯ ಡಾಕ್ಟರರೆಲ್ಲ ಬೇಡವೆಂದ ವಿಭಾಗ ಅದು. ನಾನು ಒಂದು ವಾರ ಖುಷಿಯಾಗಿದ್ದೆ. ಯಾರೂ ಅಸೂಯೆಪಡಲಾರದ್ದೊಂದು ಕೊನೆಗೂ ಅವನ ಪಾಲಿಗೆ ಬಂತಲ್ಲ ಎಂದು.

ಆದರೆ ನಮ್ಮ ಮೆಸ್ಸಿನವರು ಅದನ್ನೂ ದೊಡ್ಡದು ಮಾಡಿದರು. ಅವನು ಆಸ್ಪತ್ರೆಯಿಂದ ಬಂದ ಕೂಡಲೇ, ಕೈಯ ಹೆಣದ ವಾಸನೆ ಹೋಗಲೆಂದು, ಅಡಿಗೆ ಭಟ್ಟರು ಹಿಂಡಿದ ಲಿಂಬೆಯ ಸಿಪ್ಪೆಗಳನ್ನು ಎಲೆಯ ದೊನ್ನೆಯಲ್ಲಿ ಹಿಡಿದು ಬರುತ್ತಿದ್ದರು. "ಡಾಕ್ಟ್ರೇ, ನಿಮ್ಮ ಸಿಪ್ಪೆ ಇಟ್ಟಿದ್ದೇನೆ. ಮೊದ್ಲು ಉಜ್ಜಿ, ಆಮೇಲೆ ಎಲೆಗೆ ಕೂತ್ಕೊಳ್ಳಿ." ಒಮ್ಮೆ ನಾನೂ ಕೈ ಚಾಚಿದೆ. ಭಟ್ಟರು ನಕ್ಕರು. "ನಿಮಗೆ ಎಂತಕ್ಕೆ ಸಿಪ್ಪೆ? ನಿಮ್ಮ ಕೈಯಲ್ಲಿ ಇರುವುದು ಬರೀ ಶಾಯಿ." ಇಡೀ ಪಂಕ್ತಿ ನಕ್ಕಿತು, ಅವನೂ ನಕ್ಕ. ಹಿಂಡಿ ಬಿಸಾಡುವ ಸಿಪ್ಪೆಗೂ ಹೊಟ್ಟೆಕಿಚ್ಚು ಪಟ್ಟವನು ನಾನು.

ಆ ಮಧ್ಯಾಹ್ನದ ಸಂಗತಿ ಈಗ ಹೇಳಬೇಕು. ಅಂಗಡಿಯ ಮ್ಯಾನೇಜರಿಗೂ ರಿಪೇರಿ ಮಾಡುವ ಮೇಸ್ತ್ರಿಗೂ ಬೆಳಿಗ್ಗೆ ಜೋರು ಜಗಳವಾಗಿತ್ತು. ರಜೆಯ ವಿಷಯ. ಮೇಸ್ತ್ರಿ ಕೈಯೆತ್ತಿ ಏನೋ ಕೂಗಿದ್ದನ್ನು ಬೀದಿಯವರೂ ಕೇಳಿದ್ದರು. ಊಟದ ಹೊತ್ತು ಕಳೆದ ಮೇಲೆ ನಾನು ಮೇಜಿನ ಮೇಲೆ ತಲೆ ತಗ್ಗಿಸಿ ಬರೆಯುತ್ತಿದ್ದೆ. ಗಾಜಿನ ಕೌಂಟರಿನ ಬಳಿ ಮ್ಯಾನೇಜರು ನಿಂತು ಮತ್ತೆ ಮೇಸ್ತ್ರಿಯನ್ನು ಬೈಯುತ್ತಿದ್ದರು. ಆಗ ಆ ಶಬ್ದ... ಇವತ್ತಿಗೂ ಯಾರಾದರೂ ಬಾಗಿಲು ಬಡಿದರೆ ನನ್ನ ಬೆನ್ನು ಸೆಟೆಯುತ್ತದೆ. ಮರುಕ್ಷಣ ನಾನು ಮೇಜಿನ ಕೆಳಗಿದ್ದೆ. ಮೊಣಕಾಲಿಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಎಷ್ಟು ಹೊತ್ತೋ. ಎದ್ದಾಗ ಅಂಗಡಿಯಲ್ಲಿ ಹೊಗೆ. ಮ್ಯಾನೇಜರು ನೆಲದ ಮೇಲೆ. ಮೇಸ್ತ್ರಿ ಬಾಗಿಲಿನ ಹತ್ತಿರ, ಜೋಡಿ ನಳಿಗೆಯ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಇನ್‌ಸ್ಪೆಕ್ಟರು ಬಂದರು. ಅಕ್ಕಪಕ್ಕದ ಅಂಗಡಿಯವರೆಲ್ಲ ನೆರೆದಿದ್ದರು. "ನೀವು ಇಲ್ಲೇ ಇದ್ದಿರಲ್ಲ, ಪಾತ್ತೀಂಗಳಾ, ನೋಡಿದಿರಾ?" ಎಂದು ಕೇಳಿದರು. ಇಷ್ಟು ಜನರೆದುರು, ಬಿ.ಎ. ಓದಿದ ನಾನು ಮೇಜಿನ ಕೆಳಗಿದ್ದೆ ಎಂದು ಹೇಗೆ ಹೇಳುವುದು? "ನೋಡಿದೆ" ಎಂದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು, ಕೋವಿಯನ್ನು ಹೆಗಲಿಗೇರಿಸಿ, ಹತ್ತು ಹನ್ನೆರಡು ಅಡಿ ದೂರದಿಂದ ಹೊಡೆದ ಎಂದೆ. ಮೇಸ್ತ್ರಿ ಅಳುತ್ತ ಬೇರೆಯೇ ಹೇಳಿದ: ರಿಪೇರಿಗೆ ಬಂದ ಕೋವಿ, ಒಳಗೆ ಮದ್ದುಗುಂಡಿನ ತೋಟೆ ಇರುವುದು ಗೊತ್ತಿರಲಿಲ್ಲ, ಕೌಂಟರಿನ ಮೇಲಿಟ್ಟಿದ್ದೆ, ಹಿಂಭಾಗ ಕೆಳಗಾಗಿ ಜಾರಿ ಬಿತ್ತು, ತಾನೇ ಹಾರಿತು, ಎತ್ತಿಕೊಂಡು ಜನರನ್ನು ಕರೆಯಲು ಬಾಗಿಲಿಗೆ ಓಡಿದೆ. ಬೆಳಗಿನ ಜಗಳ ಕೇಳಿದವರಾರೂ ಅದನ್ನು ನಂಬಲಿಲ್ಲ. ಅವನಿಗೆ ಗಲ್ಲೇ ಎಂದು ಬೀದಿ ಮಾತಾಡಿಕೊಂಡಿತು.

ಹೆಣ ಹೋದದ್ದು ನನ್ನ ಗೆಳೆಯನ ಮೇಜಿಗೆ. ಮ್ಯಾನೇಜರ ಅಣ್ಣ ನನ್ನನ್ನು ಹುಡುಕಿಕೊಂಡು ಬಂದರು. ಹೊರಗಿನಿಂದ ನೋಡಿ ಬರೆದು ಕೊಟ್ಟರೆ ಸಾಕು, ಕೊಯ್ಯುವುದು ಬೇಡ ಎಂದು ನೀವು ಹೇಳಿ ಎಂದರು. ನಾನು ಆಸ್ಪತ್ರೆಗೆ ಹೋಗಿ ಅವನನ್ನು ಗೇಟಿನ ಬಳಿ ಕರೆಸಿದೆ.

"ಎದುರಿಂದ ಗುಂಡು ತಾಗಿ ಸತ್ತದ್ದು. ಇಡೀ ಬೀದಿಗೆ ಗೊತ್ತುಂಟು," ಎಂದೆ. "ಅದನ್ನು ತಿಳೀಲಿಕ್ಕೆ ಕೊಯ್ಯಬೇಕಾ?"

"ಹೊರಗಿನ ಗಾಯ ಎಲ್ಲರೂ ಕಂಡಿದ್ದಾರೆ ಮಾರಾಯ. ಒಳಗೆ ಅದು ಯಾವ ದಾರಿ ಹಿಡೀತು ಅಂತ ಯಾರು ಕಂಡಿದ್ದಾರೆ?"

"ನಾನು ಕಂಡಿದ್ದೇನಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ನೀನು ಸಾಕ್ಷಿಯಾ? ಹಾಗಾದ್ರೆ ನಿನ್ನತ್ರ ಇದರ ಮಾತು ಬೇಡ. ಕೇಸು ಮುಗಿಯುವವರೆಗೆ ನಾನು ಹಾಸ್ಟೆಲಿನಲ್ಲಿ ಮಲಗ್ತೇನೆ." ಒಳಗೆ ಹೋಗುವ ಮೊದಲು ತಿರುಗಿ, "ಸತ್ತವರ ಅಂಗಿ ಯಾರತ್ರ ಉಂಟು?" ಎಂದು ಕೇಳಿದ. ರಕ್ತದ ಅಂಗಿಯನ್ನು ಅಣ್ಣ ಗಂಟುಕಟ್ಟಿ ಒಯ್ದಿದ್ದರು. ಒಗೆಯಲು ಹಾಕುವ ಮೊದಲೇ ಕಾನ್‌ಸ್ಟೇಬಲನನ್ನು ಕಳಿಸಿ ಅದನ್ನು ತರಿಸಿಕೊಂಡನಂತೆ. ದೊಡ್ಡಸ್ತಿಕೆ, ಎಂದುಕೊಂಡೆ ನಾನು.

ಆಮೇಲಿನ ತಿಂಗಳುಗಳಲ್ಲಿ ಮೆಸ್ಸಿನಲ್ಲಿ ಮೊದಲ ಬಾರಿಗೆ ನನಗೊಂದು ಬೆಲೆ ಬಂತು. "ಹೇಳಿ, ಹೇಗೆ ಹೊಡೆದ?" ಎಂದು ಎಲ್ಲರೂ ಸುತ್ತ ಕೂರುವರು. ನಾನು ಹೇಳುತ್ತಿದ್ದೆ. ಒಂದು ಸಲ ಮೇಸ್ತ್ರಿ ಹಲ್ಲು ಕಚ್ಚಿದ್ದು ಸೇರಿತು, ಇನ್ನೊಂದು ಸಲ ಅವನು ಒಂದು ಕಣ್ಣು ಮುಚ್ಚಿ ಗುರಿ ಹಿಡಿದದ್ದು ಸೇರಿತು. ಹೇಳುತ್ತ ಹೇಳುತ್ತ ನನಗೇ ಅದೆಲ್ಲ ಕಾಣತೊಡಗಿತು. ಭಟ್ಟರು ಕೇಳದೆಯೇ ನನ್ನ ಎಲೆಗೆ ತುಪ್ಪ ಹಾಕಿದರು. ಊಟಕ್ಕೆ ಮಾತ್ರ ಬರುತ್ತಿದ್ದ ಡಾಕ್ಟರನು ಮೂಲೆಯಲ್ಲಿ ಕೂತು, ತಲೆಯೆತ್ತದೆ ಉಂಡು ಹೋಗುತ್ತಿದ್ದ. ಅವನ ಬಳಿ ಇಲ್ಲದ್ದೊಂದು ನನ್ನ ಬಳಿ ಇತ್ತು. ಒಬ್ಬನ ಕೊರಳಿಗೆ ಅದು ಹಗ್ಗವಾಗುತ್ತದೆಂದು ಗೊತ್ತಿದ್ದೂ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಕೋರ್ಟಿನಲ್ಲಿ ನಾನು ಒಂದಕ್ಷರ ತಡವರಿಸದೆ ಸಾಕ್ಷಿ ಹೇಳಿದೆ. ವರಾಂಡದಲ್ಲಿ ಮೇಸ್ತ್ರಿಯ ಹೆಂಡತಿ ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮರುದಿನ ಡಾಕ್ಟರನ ಸರದಿ. ಮಾಸಿದ ಕೋಟು, ತಗ್ಗಿದ ದನಿ. ನಾನು ಹಿಂದಿನ ಬೆಂಚಿನಲ್ಲಿ ಕೂತು, ಅವನ ಇಂಗ್ಲಿಷಿನಲ್ಲಿ ತಪ್ಪು ಹುಡುಕುತ್ತಿದ್ದೆ.

ಗಾಯ ಎಡ ಪಕ್ಕೆಲುಬಿನ ಕೆಳಗೆ, ಒಂದೇ ತೂತು ಎಂದ. ಹೊರಗಿನಿಂದ ನೋಡಿದರೆ ನೇರ ಎದುರಿನಿಂದ ಹೊಡೆದಂತೆಯೇ ಕಾಣುತ್ತದೆ. ಆದರೆ ಒಳಗೆ ಬಿಚ್ಚಿ ನೋಡಿದಾಗ ತೋಟೆಯ ಚರೆಗಳು, ಎಂದರೆ ಆ ಸೀಸದ ಸಣ್ಣ ಗುಂಡುಗಳು, ಕಡಿದಾಗಿ ಮೇಲಕ್ಕೆ ಹೋಗಿ ಬಲ ಹೆಗಲಿನ ಹತ್ತಿರ ಕೂತಿದ್ದವು. ತೋಟೆಯೊಳಗಿನ ರಟ್ಟಿನ ಬಿಲ್ಲೆಯೂ ಗಾಯದ ಆಳದಲ್ಲಿ ಸಿಕ್ಕಿತು. ಒಣಗಿದ ರಕ್ತವೆಂದು ಎಲ್ಲರೂ ತಿಳಿದಿದ್ದ ಅಂಗಿಯ ಕಪ್ಪು ಕಲೆಯಲ್ಲಿ ಸಿಡಿಮದ್ದಿನ ಮಸಿಯಿತ್ತು, ಬಟ್ಟೆಯ ಅಂಚು ಸುಟ್ಟಿತ್ತು. ಹತ್ತು ಹನ್ನೆರಡು ಅಡಿಯಿಂದ ಹೊಡೆದಿದ್ದರೆ ಅಂಗಿ ಸುಡುತ್ತಿರಲಿಲ್ಲ. ಚರೆ ಹರಡಿ ಸುತ್ತ ಬೇರೆ ತೂತುಗಳಾಗುತ್ತಿದ್ದವು. ನಳಿಗೆಯ ಬಾಯಿ ಒಂದು ಗೇಣಿನೊಳಗೆ, ಕೆಳಗಿನಿಂದ ಮೇಲಕ್ಕೆ ಮುಖ ಮಾಡಿತ್ತು.

"ಹಾಗಾದರೆ ಕಣ್ಣಾರೆ ಕಂಡವರು ಸುಳ್ಳು ಹೇಳುತ್ತಿದ್ದಾರೆಯೇ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಅದು ನನ್ನ ವಿಷಯವಲ್ಲ. ಎಷ್ಟು ದೂರ, ಯಾವ ದಿಕ್ಕು, ಇಷ್ಟನ್ನು ದೇಹ ಹೇಳುತ್ತದೆ. ಉಳಿದದ್ದನ್ನು ಕೋವಿಯನ್ನು ಕೇಳಬೇಕು."

ಕೋವಿಯನ್ನೂ ಪರೀಕ್ಷಿಸಿದರು. ಕುದುರೆಯನ್ನು, ಎಂದರೆ ತೋಟೆಗೆ ಬಡಿಯುವ ಸುತ್ತಿಗೆಯನ್ನು, ಹಿಡಿದಿಡುವ ಕೀಲು ಸವೆದಿತ್ತು. ಹಿಂಭಾಗ ನೆಲಕ್ಕೆ ಬಡಿದರೆ ಸಾಕು, ಕುದುರೆ ತಾನಾಗಿ ಬೀಳುತ್ತಿತ್ತು. ರಿಪೇರಿಗೆ ಬಂದದ್ದೇ ಅದಕ್ಕೆ. ಮೇಸ್ತ್ರಿಯ ಬಿಡುಗಡೆಯಾಯಿತು. ಅವನು ಡಾಕ್ಟರನ ಕಾಲು ಮುಟ್ಟಲು ಬಗ್ಗಿದ. ಇವನು ಹಿಂದೆ ಸರಿದ. ಆಮೇಲೆ ಮೇಸ್ತ್ರಿ ನನ್ನೆದುರಿಗೂ ಬಂದು ಕೈ ಮುಗಿದ. "ನೀಂಗ ಪಾತ್ತದೈ ಸೊನ್ನೀಂಗ ಸಾರ್, ತಪ್ಪು ಇಲ್ಲೈ." ನೀವು ಕಂಡದ್ದನ್ನು ಹೇಳಿದಿರಿ, ತಪ್ಪಿಲ್ಲ ಎಂದ. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಸಂಜೆ ಡಾಕ್ಟರನು ಹಾಸಿಗೆ ಸುತ್ತಿಕೊಂಡು ಕೋಣೆಗೆ ವಾಪಸು ಬಂದ. ಹಾಸಿಗೆ ಬಿಡಿಸುತ್ತ, ನನ್ನನ್ನು ನೋಡದೆ ಕೇಳಿದ: "ನಿನ್ನ ಮೇಜು ದೊಡ್ಡದಾ?"

"ಎಂತಕ್ಕೆ?"

"ಕೆಳಗೆ ಒಬ್ಬ ಮನುಷ್ಯ ಹಿಡಿಸ್ತಾನಾ ಅಂತ."

"ನಾನು ಕಂಡದ್ದನ್ನೇ ಹೇಳಿದ್ದು," ಎಂದೆ.

"ಆಯ್ತು ಮಾರಾಯ." ದಿಂಬು ಬಡಿದಿಟ್ಟು, "ನಾನಾಗಿದ್ರೆ ಮೇಜಿನ ಕೆಳಗಲ್ಲ, ಸೀದಾ ಮರೀನಾ ಬೀಚಿಗೇ ಓಡ್ತಿದ್ದೆ," ಎಂದು ನಕ್ಕ.

ನಾನು ನಗಲಿಲ್ಲ. ಅವನು ನನ್ನನ್ನು ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಹೌದು ಎಂಬ ಒಂದು ಮಾತು ಗಂಟಲವರೆಗೆ ಬಂದಿತ್ತು... ಅದನ್ನು ಅವನಿಗೆ ಕೊಡಲು ಮನಸ್ಸಾಗಲಿಲ್ಲ. ಮುಂದಿನ ತಿಂಗಳು ನಾನೇ ಕೋಣೆ ಬದಲಿಸಿದೆ. ಆಮೇಲೆ ಮದುವೆ, ಮದ್ರಾಸಿನಲ್ಲೇ ಅಡ್ಯಾರಿನಲ್ಲಿ ಮನೆ, ವಿಮಾ ಕಂಪನಿಯ ಕೆಲಸ. ಬಸ್ಸಿನಲ್ಲಿ ಅವನನ್ನು ಕಂಡರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ.

ಅರವತ್ತರ ದಶಕ ಮುಗಿಯುವ ಮೊದಲೇ ಅವನು ಹೋದ. ಹೃದಯ ನಿಂತಿತಂತೆ, ಪಾಠ ಮಾಡುತ್ತಿರುವಾಗ. ಹೋಗಿ ನೋಡಿದೆ. ಬೀದಿ ತುಂಬ ವಿದ್ಯಾರ್ಥಿಗಳು. ಗೇಟಿನ ಬಳಿ ಮುದಿಯಾದ ಮೇಸ್ತ್ರಿ ಚಪ್ಪಲಿ ಬಿಟ್ಟು ನಿಂತಿದ್ದ. ನಾನು ಸತ್ತರೆ ಇಷ್ಟು ಜನ ಬರುವುದಿಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು, ಅದನ್ನೂ ಬರೆದುಬಿಡುತ್ತೇನೆ.

ಈಗ ನನಗೆ ವಯಸ್ಸಾಗಿದೆ. ಆದರೂ ಕಣ್ಣು ಮುಚ್ಚಿದರೆ ಆ ಅಂಗಡಿ ಕಾಣುತ್ತದೆ. ಬಾಗಿಲಲ್ಲಿ ಮೇಸ್ತ್ರಿ ಹಲ್ಲು ಕಚ್ಚಿ, ಒಂದು ಕಣ್ಣು ಮುಚ್ಚಿ, ಕೋವಿಯನ್ನು ಹೆಗಲಿಗೇರಿಸುತ್ತಾನೆ, ಹೊಡೆಯುತ್ತಾನೆ. ನಡೆಯದ ಸಂಗತಿ, ನಡೆದದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮೇಜಿನ ಕೆಳಗಿನ ಕತ್ತಲೆ ಮಾತ್ರ ಎಷ್ಟು ನೆನೆದರೂ ಬರುವುದಿಲ್ಲ. ಅದು ಅಲ್ಲಿತ್ತು ಎಂದು ತಿಳಿದಿದ್ದ ಇನ್ನೊಬ್ಬ ಮನುಷ್ಯ ಡಾಕ್ಟರನೊಬ್ಬನೇ.