ಮೊರ ಬಳಿಯುತ್ತಿದ್ದ ಆಡಿಟರ್

ಬೇಸಿಗೆ ಬಂತೆಂದರೆ ನಮ್ಮ ಆಡಿಟರ್ ಸಾರ್ ಬೆರಳುಗಳಲ್ಲಿ ಮೆಂತ್ಯದ ವಾಸನೆ. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಕಾಗದದ ಹಿಟ್ಟು ಒಣಗಿ ಕೂತಿರುತ್ತಿತ್ತು. ಅದೇ ಕೈಯಲ್ಲಿ ಚಿತ್ರದುರ್ಗದ ಅರ್ಧ ಅಂಗಡಿಗಳ ಲೆಕ್ಕಕ್ಕೆ ಸಹಿ ಹಾಕುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಸಿ.ಎ. ಓದುತ್ತ, ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದು ಅವರ ಹತ್ತಿರ ಕೆಲಸ ಕಲಿಯುತ್ತಿದ್ದೆ. ಪ್ರತಿ ಫೈಲಿನ ಬೆನ್ನ ಮೇಲೂ ಅದನ್ನು ಯಾವ ವರ್ಷ ಹರಿಯಬಹುದು ಎಂದು ಕೆಂಪು ಪೆನ್ಸಿಲ್‌ನಲ್ಲಿ ಬರೆಸುತ್ತಿದ್ದರು. ಅವಧಿ ಮುಗಿದರೂ ರದ್ದಿಯವನಿಗೆ ಹಾಕುವಂತಿರಲಿಲ್ಲ. ಒಮ್ಮೆ ಸಾರ್ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಮುಗಿಸಿ ನೋಡಿದರೆ, ಎಣ್ಣೆ ಹೀರಿದ ಪೊಟ್ಟಣದ ಮೇಲೆ ಅವರದೇ ಅಕ್ಷರದಲ್ಲಿ ಒಬ್ಬ ವ್ಯಾಪಾರಿಯ ಆದಾಯದ ಲೆಕ್ಕವಂತೆ. "ಖಾರ ನೆತ್ತಿಗೇರಿದ್ದು ಅವತ್ತೇ ಕಣಮ್ಮ" ಎನ್ನುತ್ತಿದ್ದರು.

ಆಮೇಲಿಂದ ಹಳೆಯ ಕಾಗದವನ್ನು ಚೂರು ಮಾಡಿ ಹಿತ್ತಲಿನ ಕಲ್ಲುಬಾನಿಯಲ್ಲಿ ನೆನೆಹಾಕುವುದು, ಮೆಂತ್ಯ ಸೇರಿಸಿ ರುಬ್ಬುವುದು, ಬೀದಿಯ ಹೆಂಗಸರ ಮೊರ, ಪುಟ್ಟಿಗಳಿಗೆಲ್ಲ ಕಾಳು ಸೋರದಂತೆ ಬಳಿದುಕೊಡುವುದು. ಧರ್ಮಪುರದಲ್ಲಿ ಅವರ ತಾಯಿ ಹಾಗೇ ಬಳಿಯುತ್ತಿದ್ದರಂತೆ. "ಓದಿದ್ದು ಸಿ.ಎ., ಬಳಿಯಾದು ಮೊರ" ಎಂದು ಮನೆಯಾಕೆ ಅಣಕಿಸಿದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಸಾರೇ.

"ಕಾಗದ ಇಟ್ಕಳಾದಷ್ಟೇ ಹರಿಯಾದೂ ಕೆಲಸನೇ ಕಣಮ್ಮ. ಯಾವಾಗ ಅನ್ನಾದು ಗೊತ್ತಿರಬೇಕು" ಎಂದು ನನಗೆ ಹೇಳುತ್ತಿದ್ದರು. ಇದರಲ್ಲೇನು ಗೊತ್ತಿರಬೇಕು, ಫೈಲಿನ ಬೆನ್ನ ಮೇಲೇ ಬರೆದಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಒಂದು ಬೇಸಿಗೆ ಊರಿನ ಒಂದು ಫೈನಾನ್ಸ್ ಕಂಪನಿಯ ಹಳೆಯ ಫೈಲುಗಳ ಸರದಿ ಬಂತು. ಬಾನಿಯ ಪಕ್ಕ ಪೇರಿಸಿ ನೀರು ತರಲು ಹೊರಟಿದ್ದೆ. ಅಷ್ಟರಲ್ಲಿ ಬಾಗಿಲ ಮುಂದೆ ಗದ್ದಲ. ಕಂಪನಿಗೆ ಬೀಗ ಬಿದ್ದಿತ್ತು. ಠೇವಣಿ ಇಟ್ಟವರೆಲ್ಲ ಅಲ್ಲಿಂದ ನೇರ ನಮ್ಮಲ್ಲಿಗೆ ಬಂದಿದ್ದರು. ಕುರಿ ಮಾರಿದ ದುಡ್ಡು ಇಟ್ಟಿದ್ದ ಅಜ್ಜಿಯೊಬ್ಬಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ನಿಮ್ಮ ಸಹಿ ಐತೆ ಅಂತ ತೋರ್ಸಿದ್ರು ಸಾಮಿ. ಅದ್ನ ನಂಬಿ ಇಟ್ಟೆ" ಎಂದಳು. ಸಾರ್ ಅವಳಿಗೆ ನೀರು ತರಿಸಿಕೊಟ್ಟರು.

ಸ್ವಲ್ಪ ಹೊತ್ತಿಗೆ ಕಂಪನಿಯ ಮಾಲೀಕ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಫೈಲು, ಬಾನಿ ಎರಡನ್ನೂ ನೋಡಿ ಅವನ ಮುಖ ಅರಳಿತು.

"ಅವಧಿ ಮುಗಿದೈತಲ್ಲ ಆಡಿಟ್ರೇ. ನಿಮ್ಮದೇ ರೂಲು. ನೀರು ಹಾಕ್ರಿ, ಯಾರು ಕೇಳ್ತಾರೆ?"

"ನಿನ್ನೆ ಆಗಿದ್ರೆ ಹಾಕ್ತಿದ್ದೆ" ಎಂದರು ಸಾರ್. "ಇವತ್ತು ಕೇಳೋರು ಬಾಗಿಲಲ್ಲಿ ಅವ್ರೆ."

"ಅದ್ರಲ್ಲಿ ನೀವೂ ಸಿಗಾಕ್ಕಂತೀರಿ."

"ಗೊತ್ತೈತೆ. ಹೊರಡ್ರಿ."

ಅವನು ಹೋದ ಮೇಲೆ ಫೈಲು ಬಿಚ್ಚಿ ನನಗೆ ತೋರಿಸಿದರು. ಜನರ ಠೇವಣಿ ಮಾಲೀಕನ ನೆಂಟರಿಗೆ ಸಾಲವಾಗಿ ಹೋಗಿತ್ತು. ಇದಕ್ಕೆ ಭದ್ರತೆ ಏನು ಎಂದು ಸಾರ್ ಅಂಚಿನಲ್ಲಿ ಬರೆದಿದ್ದರು. ಮರುವರ್ಷ ಕಂಪನಿಯ ಒಂದು ಸಾಲಿನ ಉತ್ತರ ಒಪ್ಪಿ, ಪ್ರಶ್ನೆ ಕೈಬಿಟ್ಟು, ಸಹಿ ಹಾಕಿದ್ದರು.

ನನಗೆ ಹೆದರಿಕೆಯಾಯಿತು. "ಸಾರ್, ಇದು ಹೊರಗೆ ಬಂದ್ರೆ ನಿಮ್ಮ ಆಫೀಸೇ ಉಳಿಯಲ್ಲ."

"ಸಹಿ ಹಾಕೋವಾಗ ಒಂದ್ಸಲ ಕಣ್ಣು ಮುಚ್ಕಂಡಿದ್ದೀನಿ. ಇನ್ನೊಂದ್ಸಲ ಆಗಲ್ಲ ಕಣಮ್ಮ. ಒಳಗಿಡು."

ಫೈಲುಗಳನ್ನು ಅವರೇ ಪೊಲೀಸರಿಗೆ ಒಪ್ಪಿಸಿದರು. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ತಮ್ಮ ತಪ್ಪನ್ನೂ ಹೇಳಿದರು. ದೊಡ್ಡ ಗಿರಾಕಿಗಳು ಬಿಟ್ಟುಹೋದರು, ಕೆಲವು ವರ್ಷ ನಮ್ಮ ಬಾನಿ ಅರ್ಧ ತುಂಬುವಷ್ಟೂ ಕಾಗದ ಇರಲಿಲ್ಲ. ಆದರೆ ಆ ಕಾಗದಗಳ ಜಾಡು ಹಿಡಿದು ನೆಂಟರ ಹೆಸರಿನ ಜಮೀನುಗಳು ಸಿಕ್ಕವು, ಹರಾಜಾದವು. ಜನರಿಗೆ ಪೂರ್ತಿ ಅಲ್ಲದಿದ್ದರೂ ಬಹುಪಾಲು ಹಣ ಬಂತು.

ಒಂದು ದಿನ ಆ ಅಜ್ಜಿ ಹೊಸ ಮೊರ ಹಿಡಿದು ಬಂದಳು. "ಇದಕ್ಕೂ ಬಳ್ಕೊಡ್ರಿ ಸಾಮಿ. ನಿಮ್ಮ ಕೈಲೇ ಆಗ್ಬೇಕು" ಎಂದಳು. ಸಾರ್ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಿಂದಿನ ಯಾವ ಮೊರಕ್ಕೂ ಅಷ್ಟು ನುಣ್ಣಗೆ ಬಳಿದಿರಲಿಲ್ಲ.

ಸಾರ್ ತೀರಿಕೊಂಡ ವರ್ಷ, ಅವರ ಮನೆಯವರು ಕಲ್ಲುಬಾನಿಯನ್ನು ಹೊಳಲ್ಕೆರೆಯ ನನ್ನ ಆಫೀಸಿಗೆ ಗಾಡಿಯಲ್ಲಿ ಕಳಿಸಿಕೊಟ್ಟರು. ನನಗೆ ಅವರಷ್ಟು ಚೆನ್ನಾಗಿ ಬಳಿಯಲು ಬರುವುದಿಲ್ಲ. ಆದರೂ ಪ್ರತಿ ಬೇಸಿಗೆ ಅವಧಿ ಮುಗಿದ ಫೈಲುಗಳನ್ನು ಚೂರು ಮಾಡಲು ಇಳಿಸುತ್ತೇನೆ. ಹರಿಯುವ ಮುಂಚೆ ಮಾತ್ರ ಎದ್ದು ಹೋಗಿ ಬೀದಿ ಬಾಗಿಲು ತೆರೆದು, ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ ಬರುತ್ತೇನೆ.