ನೆರಳಿಲ್ಲದ ರಾಣಿಯ ಕೂಸು

ಕಣ್ಣು ತೆಲುಗು, ಬಾಯಿ ಕನ್ನಡ. ಆಂಧ್ರದ ಗಡಿಯಲ್ಲಿರುವ ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ನನ್ನ ನಿಜವಾದ ಕೆಲಸ ಅದೇ ಆಗಿತ್ತು. ಸಂಬಳ ಕೊಡುತ್ತಿದ್ದದ್ದು ಪ್ಯಾಂಟಿಗೆ ಜೇಬು ಹೊಲಿಯುವುದಕ್ಕೆ. ಮರ್ಯಾದೆ ಸಿಗುತ್ತಿದ್ದದ್ದು ಮಾತ್ರ ವಾರಪತ್ರಿಕೆಯ ಧಾರಾವಾಹಿ ಓದುವುದಕ್ಕೆ. ಪತ್ರಿಕೆ ತೆಲುಗಿನದು. ನಮ್ಮ ಶೆಡ್ಡಿನ ಹೆಂಗಸರೆಲ್ಲ ತೆಲುಗೂ ಮಾತಾಡುವವರೇ, ಆದರೆ ಮನೆಮಾತು ಕನ್ನಡ, ನಾಲ್ಕಕ್ಷರ ಕಲಿತವರು ಕಲಿತದ್ದೂ ಕನ್ನಡ. ನನ್ನನ್ನು ಮಾತ್ರ ಅಪ್ಪ, ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು ತೆಲುಗು ಶಾಲೆಗೆ ಹಾಕಿದ್ದರು. ನೌಕರಿ ಸಿಗಲಿಲ್ಲ, ಧಾರಾವಾಹಿ ಸಿಕ್ಕಿತು. ಕತೆಯ ರಾಜರಾಣಿಯರ ತೆಲುಗು ನಮ್ಮ ಬೀದಿಯ ತೆಲುಗಲ್ಲ. ಇದ್ದದ್ದು ಇದ್ದಂತೆ ಓದಿದರೆ ಹಿರಿಯರು ತೂಕಡಿಸುತ್ತಿದ್ದರು. ಹಾಗಾಗಿ ಪ್ರತಿ ಗುರುವಾರ ಊಟದ ಹೊತ್ತಿಗೆ ನಾನು ಬಟ್ಟೆಯ ಗಂಟಿನ ಮೇಲೆ ಕೂತು, ತೆಲುಗಿನ ಸಾಲು ನೋಡುತ್ತ ಕನ್ನಡದಲ್ಲಿ ಹೇಳುತ್ತಿದ್ದೆ. ನಡುವೆ ಯಾರಾದರೂ ಬಾಯಿ ಹಾಕಿದರೆ ಪತ್ರಿಕೆ ಮುಚ್ಚಿ ನೀರು ಕುಡಿಯಲು ಎದ್ದುಬಿಡುತ್ತಿದ್ದೆ. ಅಷ್ಟು ಕೊಬ್ಬು ನನಗೆ.

ಕತೆಯಲ್ಲಿ ಒಬ್ಬ ಮಾಂತ್ರಿಕನಿದ್ದ. ಅವನು ಜನರ ನೆರಳು ಕದಿಯುತ್ತಿದ್ದ. ಬಸುರಿ ರಾಣಿಯ ನೆರಳನ್ನೂ ಕದ್ದಿದ್ದ. ನೆರಳಿಲ್ಲದ ತಾಯಿಗೆ ಕೂಸು ಕಲ್ಲಾಗಿ ಹುಟ್ಟುತ್ತದೆ ಎಂಬುದು ಆ ರಾಜ್ಯದ ಶಾಪ. ಹೆರಿಗೆಗೆ ಮುಂಚೆ ನೆರಳನ್ನು ಬಿಡಿಸಿ ತರುತ್ತೇನೆಂದು ಹೊರಟ ಅಂಬಿಗ ವಾರಗಟ್ಟಲೆ ಒಂದೇ ಸುಳಿಯಲ್ಲಿ ಸುತ್ತುತ್ತಿದ್ದ. ಬರೆಯುವವನು ಎಳೆಯುತ್ತಿದ್ದಾನೆಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೂ ಊರಿಗೆ ಊರೇ ಅದರ ಗುಂಗಿನಲ್ಲಿತ್ತು. ಚಹದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಬಟ್ಟೆ ಹೊರುವವರ ಬಾಯಲ್ಲಿ, ಎಲ್ಲೆಲ್ಲೂ ರಾಣಿಯ ಹೆರಿಗೆಯದೇ ಮಾತು.

ನಮ್ಮಲ್ಲಿ ಕಾಜಾ ಮಿಷನ್ನಿಗೆ ಕೂತಿದ್ದವಳೂ ಬಸುರಿ. ಗುಂಡಿ ತೂರಿಸುವ ತೂತಿಗೆ ನಾವು ಕಾಜಾ ಎನ್ನುತ್ತೇವೆ. ಅಮರಾಪುರದ ಆಚೆಯ ಹಳ್ಳಿಯವಳು. ಗಂಡ ಬಳ್ಳಾರಿಯಲ್ಲಿ ಪ್ಯಾಂಟು ತೊಳೆಯುವ ಕಡೆ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಅವಳು ಮೊದಲ ಸಲ ನಮ್ಮೂರಿಗೆ ಬಂದದ್ದು ಒಬ್ಬಳೇ. ದಾರಿಯಲ್ಲಿ ಬಸ್ಸು ಬದಲಿಸಿ, ಯಾರನ್ನೂ ಕೇಳದೆ ಬಂದಿಳಿದಳಂತೆ. ಮಾತು ಕಡಿಮೆ. ಕತೆ ಓದುವಾಗಲೂ ದೂರದಲ್ಲಿ ತನ್ನ ಮಿಷನ್ನಿಗೆ ಒರಗಿಯೇ ಕೇಳುತ್ತಿದ್ದಳು. ಪತ್ರಿಕೆಯಲ್ಲಿನ ಚಿತ್ರ ನೋಡಲಿಕ್ಕೂ ಹತ್ತಿರ ಬಂದವಳಲ್ಲ.

ಅವಳಿಗೆ ಇದಕ್ಕೆ ಮುಂಚೆ ಎರಡು ಕೂಸು ಹೋಗಿದ್ದವು. ಎರಡೂ ಅತ್ತೆಯ ಊರಲ್ಲಿ. ಎರಡು ಸಲವೂ ನೋವು ಶುರುವಾದ ಮೇಲೆ ಗಾಡಿ ಸಿಕ್ಕಿರಲಿಲ್ಲ. ತಾಯಿ ಸತ್ತುಹೋಗಿದ್ದರಿಂದ ಬಾಣಂತನಕ್ಕೆ ತವರೆಂಬುದು ಇರಲಿಲ್ಲ. ಈ ಸಲವೂ ಊರಿಗೇ ಬಾ ಎಂದು ಅತ್ತೆ ಹೇಳಿ ಕಳಿಸುತ್ತಿದ್ದಳು. ಅತ್ತೆ ಕೆಟ್ಟವಳೇನಲ್ಲ. ರಾಯದುರ್ಗದಲ್ಲಿ ನಿನಗೆ ಬಾಣಂತಿ ನೀರು ಹಾಕುವವರು ಯಾರಿದ್ದಾರೆ ಎಂಬುದು ಅವಳ ಪ್ರಶ್ನೆ. ಇಲ್ಲಿ ಸರ್ಕಾರಿ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಆದರೆ ಬಾಣಂತಿಯ ಹತ್ತಿರ ಕೂರುವವರು ಯಾರು, ಅವಳ ಬಟ್ಟೆ ಒಗೆಯುವವರು ಯಾರು? ಅವಳು ಊರಿನ ಅಮ್ಮನ ಗುಡಿಯಲ್ಲಿ ಹೂ ಕೇಳಿದ್ದಳಂತೆ. ದೇವಿಯ ಬಲಗಡೆಯಿಂದ ಹೂ ಬಿದ್ದರೆ ರಾಯದುರ್ಗ, ಎಡಗಡೆಯಿಂದ ಬಿದ್ದರೆ ಅತ್ತೆಯ ಊರು. ಸಂಜೆಯವರೆಗೆ ಕೂತರೂ ಹೂವು ಅಲುಗಲಿಲ್ಲ.

ಇದನ್ನೆಲ್ಲ ಅವಳು ನನಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತ ಹೇಳಿದ್ದಳು. ಕೊನೆಗೆ, "ಅದ್ಕೇ ಈಗ ರಾಣಿ ಮ್ಯಾಲೆ ಬಿಟ್ಟಿದೀನಿ ಕಣಕ್ಕ" ಅಂದಳು. "ಅವಳ ಕೂಸು ಉಳಿದ್ರೆ ಇಲ್ಲೇ ಹೆರ್ತೀನಿ. ಇಲ್ದಿದ್ರೆ ಅತ್ತೆ ಹೇಳ್ದಂಗೆ ಊರಿಗೋಗ್ತೀನಿ."

"ನಿನಗೇನು ತಲಿ ಕೆಟ್ಟೈತೇನ?" ಎಂದು ಬೈದೆ. "ಅದು ಕತಿ. ದುಡ್ಡಿಗೆ ಬರಿಯೋ ಕತಿ."

ಅವಳು ನಕ್ಕು, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಅವತ್ತಿನಿಂದ ನಾನು ಗಮನಿಸತೊಡಗಿದೆ. ನಲ್ಲಿಗೆ ಹೋಗುವಾಗೆಲ್ಲ ಅವಳು ಬಿಸಿಲಿನಲ್ಲಿ ಒಂದು ಗಳಿಗೆ ನಿಂತು ತನ್ನ ನೆರಳನ್ನು ನೋಡಿಕೊಳ್ಳುತ್ತಿದ್ದಳು. ಎಲ್ಲೋ ಕೂತು ಬರೆಯುವ, ಮುಖ ಕಾಣದ ಒಬ್ಬ ಮನುಷ್ಯನ ಕೈಯಲ್ಲಿ ನಮ್ಮ ಹುಡುಗಿಯ ಹೆರಿಗೆ ಸಿಕ್ಕಿಕೊಂಡಿತ್ತು. ಅವನಿಗೆ ಅದು ಗೊತ್ತೂ ಇರಲಿಲ್ಲ.

ದಿನ ತುಂಬುತ್ತ ಬಂತು. ಆ ಗುರುವಾರ ನಾನು ಬಸ್‌ಸ್ಟ್ಯಾಂಡಿನ ಅಂಗಡಿಗೆ ಬೇಗನೇ ಹೋದೆ. ಕಟ್ಟು ಬಿಚ್ಚುವ ಮೊದಲೇ ಜನ ನಿಂತಿದ್ದರು. ಪತ್ರಿಕೆ ಕೈಗೆ ಬಂದದ್ದೇ ಅಲ್ಲೇ ಕಂಬಕ್ಕೆ ಒರಗಿ ಓದಿದೆ. ರಾಣಿಗೆ ನೋವು ಬಂತು. ಅಂಬಿಗ ತಡವಾಗಿ ಬಂದ. ಸೂಲಗಿತ್ತಿ ಸೆರಗಿನಲ್ಲಿ ಹಿಡಿದದ್ದು ಕರೀ ಕಲ್ಲು. ಅಷ್ಟೇ. ಕೆಳಗೆ ಮುಂದಿನ ವಾರಕ್ಕೆ ಎಂದಿತ್ತು.

ಪಕ್ಕದಲ್ಲಿ ಒಬ್ಬ ಗಂಡಸು, "ಇದನ್ನ ಬರದೋನ ಕೈಗೆ ಹುಳ ಬೀಳ!" ಎಂದು ಪತ್ರಿಕೆಯನ್ನು ಅಂಗಡಿಯವನ ಮುಂದೆ ಎಸೆದ. ಅಂಗಡಿಯವನು, "ನಾನೇನ್ ಮಾಡ್ಲಿ ಸ್ವಾಮಿ, ನಾನೇನ್ ಬರದೀನೇನು?" ಎಂದು ಅದನ್ನು ಒರೆಸಿ ಇಟ್ಟುಕೊಂಡ. ಬೆಳುಗುಪ್ಪದ ಬಸ್ಸಿನ ಕಿಟಕಿಯಿಂದ ಯಾರೋ ಹೆಂಗಸು ತಲೆ ಹೊರಗೆ ಹಾಕಿ, "ಕೂಸು ಏನಾತ್ರೀ?" ಎಂದು ಕೂಗಿ ಕೇಳಿದಳು. ಯಾರೋ ಹೇಳಿಯೂಬಿಟ್ಟರು. ಅವಳು ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. ನನಗೆ ಭಯವಾದದ್ದು ಅದಕ್ಕೇ. ನಾನೊಬ್ಬಳು ಬಾಯಿ ಮುಚ್ಚಿದರೆ ಏನಾದೀತು, ಇಡೀ ಊರಿಗೆ ಬಾಯಿದೆಯಲ್ಲ.

ಓಡುತ್ತಲೇ ಶೆಡ್ಡಿಗೆ ಬಂದೆ. ಪುಣ್ಯಕ್ಕೆ ನಮ್ಮ ಹುಡುಗಿ ಇನ್ನೂ ಬಂದಿರಲಿಲ್ಲ. ದಾರ ಕತ್ತರಿಸುವ ಹಿರಿಯಾಕೆಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಮೊದಲು ಅವಳಿಗೆ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು, "ಅಯ್ಯೋ ನೇಮಕಲ್ಲಪ್ಪಾ" ಎಂದು ನೇಮಕಲ್ಲಿನ ಆಂಜನೇಯನಿಗೆ ಕೈ ಮುಗಿದಳು. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಒಬ್ಬಳು ಅತ್ತಳು, ಒಬ್ಬಳು ನನ್ನ ಕೈಯಿಂದ ಪತ್ರಿಕೆ ಕಿತ್ತು ಹರಿಯಲು ಬಂದಳು. ಕಟಿಂಗ್ ಮಾಸ್ತರ ಇಂಥ ಹೆಂಗಸರ ಕತೆ ತಾನು ಕೇಳುವುದೇ ಇಲ್ಲ ಎಂದು ಇಷ್ಟು ದಿನ ಹೇಳಿಕೊಂಡು ತಿರುಗಿದವನು. ಈಗ ಟೇಬಲ್ಲು ಬಿಟ್ಟು ಎದ್ದು ಬಂದ.

"ಅದ್ಹೆಂಗ ಕಲ್ಲಾಗ್ತೈತಿ? ಅಂಬಿಗ ಹೋದ ವಾರನ ಸುಳಿ ದಾಟಿದ್ನಲ್ಲ!"

"ನೀವು ಕೇಳಂಗಿಲ್ಲ ಅಂತಿದ್ರಿ" ಅಂದೆ.

"ಸುಮ್ನಿರವ್ವ. ಈಗ ಆ ಹುಡುಗಿಗೆ ಏನ್ ಹೇಳ್ತಿ?"

"ಓದಾಕಿ ಇಕಿ ಒಬ್ಬಾಕಿ. ಇಕಿ ಏನು ಓದ್ತಾಳೋ ಅದ ಕತಿ" ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಎಲ್ಲರೂ ನನ್ನ ಮುಖ ನೋಡಿದರು. ಕತೆ ಓದುವುದು ಬೇರೆ, ಕಟ್ಟುವುದು ಬೇರೆ ಎಂದು ಇವರಿಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಅವಳು ಬಂದಳು. ಯಾವತ್ತೂ ತಡ ಮಾಡದವಳು ಅವತ್ತು ತಡವಾಗಿ ಬಂದಿದ್ದಳು. ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಮಿಷನ್ನಿನ ಕೆಳಗಿಟ್ಟು ಕೆಲಸಕ್ಕೆ ಕೂತಳು. ಯಾರೂ ಅವಳತ್ತ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ನೋಡದೆ ಇರುವುದು ಎಷ್ಟು ಎದ್ದು ಕಾಣುತ್ತದೆ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆ ಬೆಳಗು ಮುಗಿಯುವಂತೆಯೇ ಕಾಣಲಿಲ್ಲ. ಮಂಡಕ್ಕಿ ಮಾರುವವಳು ಬಾಗಿಲಲ್ಲಿ ಬುಟ್ಟಿ ಇಳಿಸಿ, "ಕೇಳಿದ್ರೇನ್ರೆ, ರಾಣಿ ಕೂಸು..." ಎಂದು ಶುರು ಮಾಡಿದಳು. ದೊಡ್ಡಮ್ಮ ಈ ವಯಸ್ಸಿನಲ್ಲೂ ಜಿಗಿದೆದ್ದು, ಯಾರಿಗೂ ಬೇಡದ ಮಂಡಕ್ಕಿ ಕೊಂಡು ಅವಳನ್ನು ಬೀದಿಯ ತುದಿಯವರೆಗೆ ಬಿಟ್ಟು ಬಂದಳು. ಪಕ್ಕದ ಶೆಡ್ಡಿನಲ್ಲಿ ಬೇಗ ಓದಿ ಮುಗಿಸಿದ್ದರೆಂದು ಕಾಣುತ್ತದೆ, ಗೋಡೆಯಾಚೆಯಿಂದ ಅಳುವೂ ಬೈಗುಳವೂ ಕೇಳತೊಡಗಿದವು. ಮಾಸ್ತರ ರೇಡಿಯೋದ ಕಿವಿ ತಿರುಗಿಸಿ ದೊಡ್ಡದು ಮಾಡಿದ. ಯಾವ ಸ್ಟೇಷನ್ನೂ ಹಿಡಿಯದೆ ಅದು ಬರೀ ಗೊರಗೊರ ಎನ್ನುತ್ತಿತ್ತು. ಆದರೂ ಯಾರೂ ನಿಲ್ಲಿಸೆನ್ನಲಿಲ್ಲ. ನಾನು ಜೇಬನ್ನು ತಿರುವುಮುರುವು ಹೊಲಿದು ಬಿಚ್ಚಿದೆ, ಮತ್ತೆ ಹಾಗೆಯೇ ಹೊಲಿದೆ. ಕರೆಂಟು ಎಲ್ಲಿ ಹೋಗಿಬಿಡುತ್ತದೋ ಎಂದು ಜೀವ ಕೈಯಲ್ಲಿತ್ತು. ಮಿಷನ್ನು ನಿಂತರೆ ಬೀದಿಯ ಮಾತೆಲ್ಲ ಒಳಗೆ ಕೇಳಿಸುತ್ತಿತ್ತು.

ಊಟದ ಹೊತ್ತು ಬಂತು. ಗಂಟಿನ ಮೇಲೆ ಕೂತು ಪತ್ರಿಕೆ ಬಿಡಿಸಿದೆ. ಅವಳು ಎಂದಿನಂತೆ ಮಿಷನ್ನಿಗೆ ಒರಗಿದ್ದಳು. ರಾಣಿಗೆ ನೋವು ಬರುವವರೆಗೆ ಇದ್ದದ್ದನ್ನೇ ಓದಿದೆ. ಆಮೇಲೆ ಕಣ್ಣ ಮುಂದೆ ಕಲ್ಲು ಎಂಬ ಅಕ್ಷರವಿತ್ತು, ಬಾಯಿ ಬೇರೆ ದಾರಿ ಹಿಡಿಯಬೇಕಿತ್ತು. ಅಂಬಿಗ ಓಡಿ ಬಂದ ಅಂದೆ. ಕೈಯಲ್ಲಿ ನೆರಳಿನ ಗಂಟಿತ್ತು ಅಂದೆ. ಆಮೇಲೆ ಏನು ಹೇಳಬೇಕೋ ತಿಳಿಯದೆ ನಿಂತೆ.

"ಬಿಸಿನೀರು ಇಟ್ರು ಅಂತ ಐತೇನು?" ಎಂದು ದೊಡ್ಡಮ್ಮ ನೆನಪು ಮಾಡಿದಳು.

"ಹೂಂ, ಇಟ್ರು. ಹಂಡೇದಾಗ."

"ಸಾಂಬ್ರಾಣಿ?" ಎಂದ ಮಾಸ್ತರ, ಅತ್ತ ತಿರುಗಿಕೊಂಡೇ.

"ಹಾಕಿದ್ರು."

ನಡುವೆ ಬಾಯಿ ಹಾಕಿದರೆ ಎದ್ದು ಹೋಗುವ ನಾನು, ಅವತ್ತು ಎಲ್ಲರೂ ಬಾಯಿ ಹಾಕಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೀಗೆ ನಮ್ಮ ರಾಣಿಯ ಅರಮನೆಯೊಳಗೆ ರಾಯದುರ್ಗದ ಹಂಡೆಯೂ ಬೇವಿನ ಸೊಪ್ಪೂ ಹಳೇ ಸೀರೆಯ ತೊಟ್ಟಿಲೂ ಸೇರಿಕೊಂಡವು.

ಆಗ ಮಿಷನ್ನಿನ ಕಡೆಯಿಂದ ಅವಳ ದನಿ ಬಂತು. ಕತೆಯ ನಡುವೆ ಅವಳು ಮಾತಾಡಿದ್ದು ಅದೇ ಮೊದಲು.

"ಕೂಸು ಅಳ್ತಾ ಅಕ್ಕ?"

ನಾನು ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ. "ಅತ್ತಿತು. ಅರಮನಿ ಎಲ್ಲ ಕೇಳಂಗ ಅತ್ತಿತು. ಸೂಲಗಿತ್ತಿ ಅದನ್ನ ಕಿಟಕಿ ಬಿಸಿಲಿಗೆ ಎತ್ತಿ ಹಿಡಿದ್ಳು. ಗ್ವಾಡಿ ಮ್ಯಾಲೆ ನೆರಳು ಬಿತ್ತು. ಮುಷ್ಟಿಯಷ್ಟು ನೆರಳು."

ಸುಳ್ಳೆಂದು ಗೊತ್ತಿದ್ದವರೇ ಹೆಚ್ಚು ಅತ್ತರು. ಮಾಸ್ತರ ಮೂಗು ಸೀಟಿಕೊಂಡು ಕೆಲಸಕ್ಕೆ ಹೋದ. ಅವಳು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ದೊಡ್ಡಮ್ಮನ ಹತ್ತಿರ ಬಂದು ಕೂತು, "ನಾನು ಊರಿಗೋಗಲ್ಲ. ನಂಗೆ ನೀರಾಕ್ತೀಯಾ ದೊಡ್ಡಮ್ಮ?" ಎಂದು ಕೇಳಿದಳು. "ಹಾಕದ ಬಿಡ್ತೀನೇನ" ಎಂದಳು ದೊಡ್ಡಮ್ಮ.

ನನಗೆ ಸಮಾಧಾನವಾಗಲಿಲ್ಲ, ಹೆದರಿಕೆ ಹೆಚ್ಚಾಯಿತು. ಅವಳನ್ನು ಇಲ್ಲಿ ನಿಲ್ಲಿಸಿದ್ದು ಈಗ ನನ್ನ ಮಾತು. ಇಲ್ಲೂ ಹೆಚ್ಚುಕಡಿಮೆಯಾದರೆ? ಅಷ್ಟರೊಳಗೆ ಬೀದಿಯಲ್ಲಿ ಯಾರಾದರೂ ಕಲ್ಲಿನ ಸುದ್ದಿ ಹೇಳಿಬಿಟ್ಟರೆ? ದಿನವೂ ಅವಳನ್ನು ಮನೆಯವರೆಗೆ ಬಿಟ್ಟು ಬರುವ ನೆಪ ಹುಡುಕಿದೆ. ಯಾರಾದರೂ ಎದುರಾದರೆ ನಾನೇ ಮೊದಲು ಮಾತು ತೆಗೆದು ಬಿಸಿಲು, ನೀರು, ನೊಣ ಎಂದು ಹರಟುತ್ತಿದ್ದೆ. ಇಷ್ಟು ಮಾತು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಮುಂದಿನ ಸಂಚಿಕೆ ಬರುವ ಮೊದಲೇ, ಒಂದು ಬೆಳಗ್ಗೆ ಕಾಜಾ ಹಾಕುತ್ತಿದ್ದವಳು ಮಿಷನ್ನಿನ ಅಂಚು ಹಿಡಿದು ನಿಂತಳು. ದೊಡ್ಡಮ್ಮನೂ ನಾನೂ ಆಚೀಚೆ ಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದೆವು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಒಳಗೆ ಅವಳ ಕೂಗು ನಿಂತಿತು. ಕೂಸಿನ ಅಳು ಬರಲಿಲ್ಲ. ನಾನು ಎದ್ದು ನಿಂತೆ. ಆಗಲೂ ಬರಲಿಲ್ಲ. ಆ ಬರೆಯುವವನನ್ನು, ನನ್ನ ನಾಲಿಗೆಯನ್ನು, ಹೂ ಕೊಡದ ಆ ಅಮ್ಮನನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಆಮೇಲೆ ಬಂತು. ಮೊದಲು ಕೆಮ್ಮಿದಂತೆ, ಆಮೇಲೆ ಆಸ್ಪತ್ರೆಯೆಲ್ಲ ಕೇಳುವಂತೆ.

ಒಳಗೆ ಬಿಟ್ಟಾಗ ಅವಳು ಸುಸ್ತಾಗಿ ಮಲಗಿದ್ದಳು. ಕೂಸು ಹೆಣ್ಣು. ಸಿಸ್ಟರು ನನ್ನ ಕೈಗೆ ಕೊಟ್ಟರು. ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕೂಸನ್ನು ಆ ಬಿಸಿಲಿಗೆ ಹಿಡಿದು ಗೋಡೆ ನೋಡಿದೆ. ಮುಷ್ಟಿಯಷ್ಟು ನೆರಳು ಬಿತ್ತು.

ಹಾಸಿಗೆಯಿಂದ ನಗು ಕೇಳಿಸಿತು. "ಅದು ಬುಕ್ಕಲ್ಲಿಲ್ಲ ಕಣಕ್ಕ. ನೀನು ಕಟ್ಟಿದ್ದು."

ನಾನು ತಿರುಗಿ ನೋಡಿದೆ.

"ನಮ್ಮೂರ ಇಸ್ಕೂಲಲ್ಲಿ ನಾನು ಓದಿದ್ದು ತೆಲುಗೇ" ಅಂದಳು. "ಬರ್ತೈತೆ ಅಂದ್ರೆ ನೀನೇ ಓದ್ಕೋ ಅಂತಿದ್ರಿ. ನೀನೇಳಿದ್ರೆ ಕೇಳಾಕೆ ಚೆಂದ."

"ಮತ್ತ ಆ ಗುರುವಾರ?"

"ಬಸ್‌ಸ್ಟ್ಯಾಂಡಲ್ಲಿ ನಿನ್ನ ಹಿಂದ್ಲೇ ಇದ್ದೆ. ಓದ್ಬುಟ್ಟು, ಬಟ್ಟೆ ಚೀಲ ತಂದು ಅತ್ತೆ ಊರಿನ ಬಸ್ಸು ಹತ್ತಿ ಕೂತಿದ್ದೆ. ಆಮೇಲೆ ಇಳಿದ್ಬುಟ್ಟೆ. ನೀನು ಓದಿ ಅಂಗೆ ಓಡೋದ್ಯಲ್ಲ, ಯಾಕೆ ಅಂತ ನೋಡ್ಬೇಕನಿಸ್ತು."

ನನಗೆ ಸಿಟ್ಟು ಬಂತು. ಇಷ್ಟು ದಿನ ನಮ್ಮ ಜೀವ ತಿಂದಳಲ್ಲ ಎಂದು ಬಾಯಿ ತುಂಬ ಬೈದೆ. ಸಿಸ್ಟರು ಬಂದು ನನ್ನನ್ನೇ ಗದರಿದರು. ಅವಳು ಮಾತ್ರ ಕೂಸಿಗೆ ಕೈ ಚಾಚಿ, ನಿಧಾನವಾಗಿ ಅಂದಳು:

"ಆಮೇಲೆ ನಾನು ರಾಣಿತಾವ ಕೇಳ್ಲಿಲ್ಲ ಅಕ್ಕ. ನಿಮ್ಮತಾವ ಹೂ ಕೇಳ್ದೆ. ಕಲ್ಲು ಅಂತ ಓದಿದ್ರೆ ಹೊಂಟೋಗ್ತಿದ್ದೆ. ಬಲಗಡೆಯಿಂದ್ಲೇ ಬಿತ್ತು."