ಅಪ್ಪ ನನಗೆ ಕೈಮುಗಿದ ದಿನ

ಲಸಿಕೆ ಹಾಕಿಸಿದ್ದರೂ ಮಗಳ ಹೊಟ್ಟೆಯ ಮೇಲೆ ಇವತ್ತು ನಾಲ್ಕು ನೀರುಗುಳ್ಳೆ ಎದ್ದಿವೆ. “ಚಿಕನ್‌ಪಾಕ್ಸ್ ಇರಬಹುದು, ಲಸಿಕೆ ಆಗಿರೋದ್ರಿಂದ ಜೋರಾಗಲ್ಲ,” ಎಂದರು ಡಾಕ್ಟರು. ಆದರೂ ಅವಳ ಹಾಸಿಗೆಯ ಪಕ್ಕ ಬೇವಿನ ಸೊಪ್ಪು ತಂದಿಟ್ಟೆ.

ಆ ಕಹಿ ವಾಸನೆಗೆ ಅರಕೆರೆಯ ನಮ್ಮ ಪಡಸಾಲೆ ಕಣ್ಣಮುಂದೆ ಬಂತು. ಆಗಿನ್ನೂ ಚಿಕ್ಕ ಹುಡುಗನಾಗಿದ್ದ ನನಗೆ ಅಮ್ಮ ಎದ್ದಿತ್ತು, ಮೈತುಂಬ ಇಂಥವೇ ಗುಳ್ಳೆ. ದೇವಿಯೇ ಮಗುವಿನ ಮೈಗೆ ಬಂದಿದ್ದಾಳೆಂದು ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ್ದರು. ನಾಲೆಗೆ ಹಾರಿದ್ದಕ್ಕೆ ಮೊನ್ನೆಯಷ್ಟೇ ಬಾಸುಂಡೆ ಬರುವಂತೆ ಬಾರಿಸಿದ್ದ ಅಪ್ಪ, ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟು ನನ್ನ ಕಾಲ ಬಳಿ ಕುಳಿತ.

“ಗೊತ್ತಿಲ್ದೆ ಒಡ್ದುಬುಟ್ಟೆ. ಒಟ್ಟೆಗಾಕ್ಕೊಂಡು ತಣ್ಣಗಾಗು ತಾಯಿ,” ಎಂದು ಕೈಮುಗಿದ.

ನಾನು ಅಪ್ಪನನ್ನೇ ಬಗ್ಗಿಸಿದ ನನ್ನ ಪುಟ್ಟ ಮೈಯನ್ನು ನೋಡಿಕೊಂಡೆ.

ಈಗ ಮಗಳು ಗುಳ್ಳೆ ಕೆರೆದುಕೊಳ್ಳುತ್ತಿದ್ದಾಳೆ. ಗದರಲೆಂದು ಹತ್ತಿರ ಹೋದವನು ಅವಳ ಕಾಲ ಬಳಿ ಕುಳಿತುಬಿಟ್ಟೆ.